ಪತ್ತಾಯದ ನೆಲ

ಅಮ್ಮನನ್ನು ಹುಡುಕಿಕೊಂಡು ನಮ್ಮ ಕೊಪ್ಪಕ್ಕೆ ಕಾರು ಬಂತು.

ಎಂಟು ಮನೆಗಳ ಕೊರಗರ ಕೊಪ್ಪ ನಮ್ಮದು. ಅಲ್ಲಿಗೆ ಕಾರು ಬರುವುದು ವೋಟಿನ ಸಮಯದಲ್ಲಿ. ಇಲ್ಲದಿದ್ದರೆ ಊರಲ್ಲಿ ಯಾರದ್ದಾದರೂ ಮನೆಯಲ್ಲಿ ಏನಾದರೂ ಕಳವಾದಾಗ. ವೋಟು ಮುಗಿದಿತ್ತು. ಅಮ್ಮ ಹೆಣೆಯುತ್ತಿದ್ದ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಅವಳ ಹೆಸರು ಕಾಂತಿ. ನಲವತ್ತೆಂಟು ವರ್ಷ. ಕಾರಿನ ಸದ್ದಿಗೆ ಅವಳು ಈಗಲೂ ಒಳಗೆ ಹೋಗುತ್ತಾಳೆ.

ಇಳಿದವನು ಶೋಧನ್. ತೋಡಾರಿನಲ್ಲಿ ಹೊಸ ಮನೆ ಕಟ್ಟಿಸಿದವರ ಮಗ. ದುಬೈಯಲ್ಲಿ ಹೋಟೆಲು ಇಟ್ಟವನು. ಮೂಡುಬಿದಿರೆಯಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿ ಅವನ ಗೆಳೆಯನದು. ಹಾಗಾಗಿ ನನಗೆ ಅವನ ಗುರುತಿತ್ತು.

"ತೃಪ್ತಿ ಅಲ್ವಾ ನೀನು? ಕಾಂತಿ ನಿನ್ನ ಅಮ್ಮನಾ?"

"ಹೌದು."

"ಅವಳಿಗೆ ಮಣ್ಣಿನ ನೆಲ ಬಡಿಲಿಕ್ಕೆ ಗೊತ್ತುಂಟಂತಲ್ಲ. ಹಳೇ ಕ್ರಮದ್ದು."

"ಗೊತ್ತುಂಟು. ಈಗ ಯಾರು ಮಾಡಿಸ್ತಾರೆ ಅಂತ ಬಿಟ್ಟಿದ್ದಾಳೆ."

"ನಮಗೆ ಬೇಕು. ಪತ್ತಾಯ ಇಡ್ಲಿಕ್ಕೆ."

ಪತ್ತಾಯ ಎಂದರೆ ಭತ್ತ ತುಂಬುವ ಮರದ ಕಣಜ. ಅವರದ್ದು ಹಲಸಿನ ಹಲಗೆಯದು. ಆಳೆತ್ತರ. ನಾಲ್ಕು ಕಾಲು, ಮೇಲೆ ಮುಚ್ಚಳ. ಕಕ್ಕಿಂಜೆಯ ಅವರ ಹಳೆಯ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಹಂಚು, ತೊಲೆ, ಬಾಗಿಲು ಎಲ್ಲ ಮಾರಿದರು. ಪತ್ತಾಯವನ್ನು ಮಾತ್ರ ಬಿಚ್ಚದೆ, ಇಡಿಯಾಗಿ ಲಾರಿಯಲ್ಲಿ ತಂದು ಅಂಗಳದಲ್ಲಿ ಟಾರ್ಪಾಲು ಹೊದೆಸಿ ಇಟ್ಟಿದ್ದರು. ಅದಕ್ಕೊಂದು ಅಡಿಪಾಯ ಬೇಕು, ನೆಲ ಬೇಕು. ಸಿಮೆಂಟಿನ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಮರ ಮುಗ್ಗುತ್ತದೆ. ಅದಕ್ಕೆ ಮಣ್ಣೇ ಆಗಬೇಕು. ಇಷ್ಟನ್ನು ಹೇಳಿ ಶೋಧನ್ ಕಾರಿನ ಬಾಗಿಲು ತೆಗೆದ. ಮತ್ತೆ ಏನೋ ನೆನಪಾದವನಂತೆ ನಿಂತ.

"ನಿನ್ನ ಅಮ್ಮನ ತವರು ಕಕ್ಕಿಂಜೆ ಕಡೆಯದ್ದಲ್ವಾ? ಅವಳ ಅಜ್ಜಿ ನಮ್ಮ ಹಳೇ ಮನೆಗೆ ಬುಟ್ಟಿ ತಂದು ಕೊಡ್ತಿದ್ದದ್ದು?"

ನನಗೆ ಗೊತ್ತಿರಲಿಲ್ಲ. ಬಾಗಿಲ ಹಿಂದಿನಿಂದ ಅಮ್ಮನ ಸ್ವರ ಬಂತು. "ಹೌದು ದನಿ." ಊರಿನ ಒಡೆಯರೆಲ್ಲ ಅವಳಿಗೆ ದನಿಗಳು.

"ಹಾಗಾದ್ರೆ ಸಮ ಆಯ್ತು" ಎಂದು ಅವನು ಹೋದ.

ಏನು ಸಮ ಆಯಿತು ಎಂದು ನಾನು ಕೇಳಿದೆ. ಅಮ್ಮ ಅರ್ಧ ಹೆಣೆದ ಬುಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. ಅವಳ ಮುಖ ಬೂದಿಯ ಹಾಗೆ ಆಗಿತ್ತು.

ಅಂಗಡಿಗೆ ರಜೆ ಹಾಕಿ ನಾನೂ ಅವಳ ಜೊತೆ ಹೋದೆ. ನೆಲ ಬಡಿಯಲು ಇಬ್ಬರು ಬೇಕು. ಎದುರುಬದುರು ಕೂತು, ಹಿಂದೆ ಹಿಂದೆ ಸರಿಯುತ್ತ ಬಡಿಯಬೇಕು. ಒಬ್ಬಳೇ ಬಡಿದರೆ ನೆಲ ಒಂದು ಕಡೆಗೆ ವಾಲುತ್ತದೆ.

ತೋಡಾರಿನ ಅವರ ಹೊಸ ಮನೆಯ ಬಲಗಡೆ ನಾಲ್ಕು ಕಲ್ಲಿನ ಕಂಬ ನಿಲ್ಲಿಸಿ ಹಂಚು ಹೊದೆಸಿದ್ದರು. ಅದರ ಅಡಿಯಲ್ಲಿ ನಮ್ಮ ಕೆಲಸ. ಅಡಿಪಾಯದ ಮೇಸ್ತ್ರಿ ಮಮ್ಮು. ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರು. ಅರವತ್ತು ದಾಟಿದವರು. ಕೆಂಪುಕಲ್ಲು ಕೆತ್ತಿ ಕೆತ್ತಿ ಅವರ ರೆಪ್ಪೆಯ ಕೂದಲೂ ಕೆಂಪಾಗಿತ್ತು. ನಾವು ಅವರನ್ನು ಮಮ್ಮುಚ್ಚ ಎನ್ನುತ್ತಿದ್ದೆವು.

ಮೊದಲ ಎರಡು ದಿನ ಗುಂಡಿ ತೆಗೆದೆವು. ಎಂಟಡಿ ಉದ್ದ, ಆರಡಿ ಅಗಲ. ಪಿಕಾಸಿ ಮಮ್ಮುಚ್ಚನದು. ಹಾರೆ ನನ್ನದು. ಮಣ್ಣಿನ ಬುಟ್ಟಿ ಅಮ್ಮನ ತಲೆಯ ಮೇಲೆ. ಗಟ್ಟಿ ನೆಲ ಸಿಗುವವರೆಗೆ ಇಳಿದೆವು. ಆಮೇಲೆ ಕಲ್ಲಿನ ಚೂರು ತುಂಬಿ, ನೀರು ಹೊಯ್ದು, ಮರದ ಕೊರಡಿನಿಂದ ಗುದ್ದಿದೆವು. ಕೊರಡು ಎತ್ತುವಾಗ ಅಮ್ಮನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು.

"ಇಷ್ಟು ಗಟ್ಟಿ ಎಂತಕ್ಕೆ ಮಾರಾಯ್ತಿ?" ಎಂದರು ಮಮ್ಮುಚ್ಚ. "ಇವರಿಗೆ ಗದ್ದೆ ಇಲ್ಲ, ಭತ್ತ ಇಲ್ಲ. ಪೆಟ್ಟಿಗೆಯೊಳಗೆ ಎಂತ ತುಂಬಿಸ್ತಾರೆ? ದುಬೈಯ ಖರ್ಜೂರವಾ?"

ನಾನು ನಕ್ಕೆ. ಅಮ್ಮ ನಗಲಿಲ್ಲ. ಅವಳು ಟಾರ್ಪಾಲಿನ ಕಡೆಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದಳು. ಬುಟ್ಟಿ ಹೊತ್ತು ಹೋಗುವಾಗಲೂ ಸುತ್ತು ಹಾಕಿ ಹೋಗುತ್ತಿದ್ದಳು. ಆ ಕಡೆ ನೋಡುತ್ತಿರಲಿಲ್ಲ.

ಮಧ್ಯಾಹ್ನ ಊಟ ಹಿತ್ತಲಲ್ಲಿ. ಮಮ್ಮುಚ್ಚನಿಗೆ ಸ್ಟೀಲಿನ ಬಟ್ಟಲು. ನಮಗೆ ಅಡಿಕೆ ಹಾಳೆಯ ತಟ್ಟೆ. ಶೋಧನ್‌ನ ತಾಯಿ ಶಶಿಪ್ರಭಾ ತಾನೇ ಬಂದು ಬಡಿಸುತ್ತಿದ್ದಳು. ಒಳ್ಳೆಯ ಮಾತಿನ ಹೆಂಗಸು. ಸಾರು ಇನ್ನೂ ಬೇಕಾ ಎಂದು ಕೇಳುತ್ತಿದ್ದಳು. ಕೇಳಿ, ಒಂದು ಮೊಳ ಎತ್ತರದಿಂದ ಹೊಯ್ಯುತ್ತಿದ್ದಳು. ಬಿಸಿ ಸಾರು ನಮ್ಮ ಕಾಲಿಗೆ ಸಿಡಿಯುತ್ತಿತ್ತು. ಮನೆಯ ಗೇಟಿನ ಪಕ್ಕದಲ್ಲಿ ಅವರು ಕೊರಗಜ್ಜನ ಕಟ್ಟೆ ಕಟ್ಟಿಸಿದ್ದರು. ಟೈಲ್ಸಿನದು. ಸಂಜೆ ಅಲ್ಲಿ ವೀಳ್ಯ, ಚಕ್ಕುಲಿ ಇಟ್ಟು ಅಡ್ಡ ಬೀಳುತ್ತಿದ್ದರು. ಅಜ್ಜ ನಮ್ಮವನು. ನಮ್ಮ ಕುಲದಲ್ಲಿ ಹುಟ್ಟಿ ದೈವವಾದವನು. ಅವನಿಗೆ ಅಡ್ಡ ಬೀಳುವ ಕೈ ನಮಗೆ ಸಾರು ಹೊಯ್ಯುವಾಗ ಅಷ್ಟು ಮೇಲೆ ಹೇಗೆ ಹೋಗುತ್ತದೆ? ನಾನು ಅಮ್ಮನನ್ನು ಕೇಳಿದೆ.

"ಅಜ್ಜ ನೋಡ್ತಾ ಇದ್ದಾನೆ. ನೀನು ಉಣ್ಣು" ಎಂದಳು.

ಅಮ್ಮನ ಭಕ್ತಿ ಅಂಥದ್ದು. ದೇವರ ಮೇಲೆ ಅವಳಿಗೆ ದೂರಿಲ್ಲ. ನೆಲ ಬಡಿಯುವ ಮಣೆ ಎತ್ತುವ ಮುಂಚೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಮಣ್ಣನ್ನು ಹೊಡೆಯುವುದಕ್ಕೆ ಮಣ್ಣಿನ ಅಪ್ಪಣೆ ಬೇಕು ಎನ್ನುತ್ತಾಳೆ.

ನಾಲ್ಕನೆಯ ದಿನ ಕಲ್ಲು ಕಟ್ಟಿ ಮುಗಿಯಿತು. ಮಮ್ಮುಚ್ಚ ಪತ್ತಾಯದ ನಾಲ್ಕು ಕಾಲಿಗೆ ನಾಲ್ಕು ಚಪ್ಪಟೆ ಕಲ್ಲು ಕೂರಿಸಿದರು. ಇನ್ನು ನಮ್ಮ ನೆಲ. ಗುಳಮಾವು ಮರದ ತೊಗಟೆಯ ಕೆತ್ತೆಯನ್ನು ಜಜ್ಜಿ ಮೂರು ದಿನದಿಂದ ನೀರಲ್ಲಿ ಹಾಕಿದ್ದೆವು. ನೀರು ಲೋಳೆಯಾಗಿತ್ತು. ಜರಡಿ ಹಿಡಿದ ಕೆಂಪು ಮಣ್ಣು, ಹೊಳೆಯ ಹೊಯ್ಗೆ, ಸ್ವಲ್ಪ ಸುಣ್ಣ. ಲೋಳೆ ನೀರು ಹಾಕಿ ಕಾಲಿನಿಂದ ತುಳಿದೆವು. ಸುಣ್ಣಕ್ಕೆ ಹಿಮ್ಮಡಿ ಬಿರಿಯಿತು. ತುಳಿದ ಮಣ್ಣನ್ನು ಹರಡಿ, ಮೊಣಕಾಲೂರಿ ಕೂತು, ಮರದ ಮಣೆಯಿಂದ ಬಡಿಯಲು ಸುರು ಮಾಡಿದೆವು.

ಮೊದಲ ದಿನ ನೆಲ ಹಿಟ್ಟಿನ ಹಾಗೆ ಸದ್ದು ಮಾಡುತ್ತದೆ. ಎರಡನೆಯ ದಿನ ಹಲಗೆಯ ಹಾಗೆ. ಕಲ್ಲಿನ ಹಾಗೆ ಸದ್ದು ಬಂದ ಮೇಲೆ ನಿಲ್ಲಿಸಬೇಕು. ಅಲ್ಲಿಯವರೆಗೆ ಎದ್ದು ಹೋಗುವ ಹಾಗಿಲ್ಲ. ಮಣ್ಣು ಅರ್ಧ ಒಣಗಿದರೆ ಬಿರುಕು ಬಿಡುತ್ತದೆ. ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಮಣೆಯ ಹಿಡಿ ಜಾರತೊಡಗಿತು. ಅಮ್ಮ ತನ್ನ ಸೆರಗು ಹರಿದು ನನ್ನ ಕೈಗೆ ಸುತ್ತಿದಳು. ಆಗ ಅವಳು ಮಾತಾಡಿದಳು. ಬಡಿಯುತ್ತಲೇ. ಪ್ರತಿ ಪೆಟ್ಟಿಗೆ ಒಂದು ಮಾತಿನ ಹಾಗೆ.

"ಆ ಪತ್ತಾಯದಲ್ಲಿ ನನ್ನ ಅಜ್ಜಿ ಸತ್ತದ್ದು."

ನನ್ನ ಮಣೆ ನಿಂತಿತು.

"ನಿಲ್ಲಿಸ್ಬೇಡ. ಬಡಿ. ಅವರು ನೋಡ್ತಾರೆ."

ನಾನು ಬಡಿದೆ. ಅವಳು ಹೇಳಿದಳು.

ಕಡು ಮಳೆಯ, ಹಸಿವಿನ ಆಟಿ ತಿಂಗಳು. ಕೊಪ್ಪದಲ್ಲಿ ಮೂರು ದಿನದಿಂದ ಒಲೆ ಹೊತ್ತಿರಲಿಲ್ಲ. ಅಜ್ಜಿ ಬುಟ್ಟಿ ಕೊಡಲು ಹೋಗಿದ್ದಳು. ಆಳುಗಳಿಗೆ ಅಳೆದು ಕೊಡುವ ಭತ್ತದ ಪತ್ತಾಯ ಹೊರಗಿನ ಕೊಟ್ಟಿಗೆಯಲ್ಲಿತ್ತು. ಅದರ ಬುಡದಲ್ಲಿ ಒಂದಿಷ್ಟು ಭತ್ತ ಚೆಲ್ಲಿತ್ತು. ಎರಡು ಮುಷ್ಟಿ ಬಾಚಿ ಸೆರಗಿಗೆ ಹಾಕಿದಳು. ಮನೆಯ ಯಜಮಾನ ಕಂಡ. ಭತ್ತ ಬೇಕಾ, ಹಾಗಾದರೆ ಭತ್ತದ ಮನೆಯಲ್ಲೇ ಕೂರು ಎಂದ. ಯಾರೂ ಅವಳನ್ನು ಮುಟ್ಟಲಿಲ್ಲ. ಮುಟ್ಟುವ ಹಾಗಿಲ್ಲವಲ್ಲ. ಕೋಲು ತೋರಿಸಿದರು. ಅವಳೇ ಹತ್ತಿದಳು, ಅವಳೇ ಒಳಗೆ ಇಳಿದಳು. ಮುಚ್ಚಳ ಹಾಕಿ ಬೀಗ ಹಾಕಿದರು. ಸಂಜೆಗೆ ಬಿಡುವ ಎಂದು ಹೇಳಿ ಪಾಣೆಮಂಗಳೂರಿಗೆ ಒಂದು ತಿಥಿಯ ಊಟಕ್ಕೆ ಹೋದರು. ಬೀಗದ ಕೈ ಯಜಮಾನನ ಸೊಂಟದಲ್ಲಿ. ಆ ದಿನ ಮಳೆ ಜೋರಾಯಿತು. ಹೊಳೆ ತುಂಬಿ ದಾರಿ ಕಟ್ಟಿತು. ಅವರು ಮರಳಿದ್ದು ನಾಲ್ಕನೆಯ ದಿನ.

"ಮನೆಯಲ್ಲಿ ಯಾರೂ ಇರ್ಲಿಲ್ವಾ ಅಮ್ಮಾ?"

"ಆಳುಗಳಿದ್ರು. ಸದ್ದು ಕೇಳ್ತಿತ್ತಂತೆ. ಬೀಗ ಒಡೀಲಿಕ್ಕೆ ಯಾರಿಗೆ ಧೈರ್ಯ? ಮೂರನೇ ದಿನ ಸದ್ದು ನಿಂತಿತು. ಆಮೇಲೆ ಹೊಟ್ಟೆನೋವು ಬಂದು ಸತ್ತಳು ಅಂತ ಹೇಳಿ ಕಳಿಸಿದ್ರು. ನನ್ನ ಅಮ್ಮನಿಗೆ ಆಗ ನಾಲ್ಕು ವರ್ಷ."

ಅವಳ ಮಣೆ ಎದ್ದು ಬಿದ್ದು ಮಾಡುತ್ತಿತ್ತು. ಒಂದು ಪೆಟ್ಟೂ ತಪ್ಪಲಿಲ್ಲ.

"ಅಮ್ಮಾ, ನಾವು ಹೋಗುವ. ಈ ಕೆಲಸ ಬೇಡ."

"ನೆಲ ಅರ್ಧ ಆಗಿದೆ" ಎಂದಳು.

ಅವರು ನಮ್ಮನ್ನು ಕರೆದದ್ದು ನೆಲಕ್ಕೆ ಮಾತ್ರ ಅಲ್ಲ ಎಂದು ತಿಳಿದದ್ದು ಆರನೆಯ ದಿನ. ನೆಲ ಕಲ್ಲಿನ ಸದ್ದು ಕೊಟ್ಟಿತ್ತು. ತೆಂಗಿನ ಗೆರಟೆ ಸುಟ್ಟ ಮಸಿ ಬಳಿದು, ಹೊಳೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಕಪ್ಪು ಹೊಳಪು ತಂದಿದ್ದೆವು. ಮುಖ ಕಾಣುತ್ತಿತ್ತು. ಶಶಿಪ್ರಭಾ ಪ್ಲಾಸ್ಟಿಕ್ ಕುರ್ಚಿ ತಂದು ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಕೂತಳು. ಅವಳ ಅಣ್ಣ ಸಂಕಪ್ಪ ಹಿಂದೆ ನಿಂತ. ಅಳಿಯಕಟ್ಟಿನ ಮನೆಯಾದ್ದರಿಂದ ಯಜಮಾನ ಈಗ ಅವನು. ಎಪ್ಪತ್ತೈದರ ಮುದುಕ.

"ಕಾಂತೀ, ನೀನು ಹೆತ್ತವಳು" ಎಂದಳು ಶಶಿಪ್ರಭಾ. "ನಿನಗೆ ಹೇಳಿದ್ರೆ ಅರ್ಥ ಆಗ್ತದೆ. ನನ್ನ ಸೊಸೆಗೆ ಮೂರು ಸಲ ಬಸಿರು ಇಳಿಯಿತು. ಈಗ ಪುನಃ ಐದು ತಿಂಗಳು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು. ಪತ್ತಾಯದಲ್ಲಿ ಒಂದು ಹೆಂಗಸು ಉಂಟು, ಅವಳಿಗೆ ಬಿಡುಗಡೆ ಆಗ್ಲಿಲ್ಲ ಅಂತ ಬಂತು."

ಅಮ್ಮ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು.

"ಅವಳ ಸಂತಾನದವರು ಒಬ್ಬರು ಒಳಗೆ ಕೂತು ಒಂದು ಹಿಡಿ ಅನ್ನ ಉಣ್ಣಬೇಕಂತೆ. ನಾವು ಏಳು ಸುತ್ತು ಬರ್ತೇವೆ. ಆಮೇಲೆ ಹೊರಗೆ ಬಂದು ಹೋಗುದು. ಅಷ್ಟೇ. ಇನ್ನೇನು ಪತ್ತನಾಜೆ ಬಂತು, ಆ ದಿನದ ಒಳಗೆ ಆಗ್ಬೇಕು. ಆಮೇಲೆ ದೀಪಾವಳಿಯವರೆಗೆ ಇಂಥ ಕಾರ್ಯ ಇಲ್ಲ."

"ಅದು ಅಜಲು" ಎಂದೆ ನಾನು. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಅದು ಅಜಲು. ನಿಮ್ಮ ದೋಷ ನಾವು ತಿನ್ನುದು. ಅದಕ್ಕೆ ಕಾನೂನಿನಲ್ಲಿ ನಿಷೇಧ ಉಂಟು."

ಸಂಕಪ್ಪ ನನ್ನನ್ನು ನೋಡಲಿಲ್ಲ. ಅಮ್ಮನಿಗೆ ಹೇಳಿದ. "ಮಗಳಿಗೆ ಓದಿಸಿದ್ದೀ. ಒಳ್ಳೆದು. ಇದು ನಿನ್ನ ಅಜ್ಜಿಯ ವಿಷಯ. ಅವಳು ಅಲ್ಲೇ ಇರ್ಲಿ ಅಂತ ನಿನಗೆ ಉಂಟಾ?"

ಅಮ್ಮ ನೆಲ ನೋಡಿದಳು. ಆ ಕಪ್ಪು ನೆಲದಲ್ಲಿ ಅವಳ ಮುಖ ಕಾಣುತ್ತಿತ್ತು.

"ಮುಚ್ಚಳ ಹಾಕ್ತೀರಾ ದನಿ?"

"ಇಲ್ಲ. ದೇವರ ಆಣೆ. ಬರೇ ಕೂತುಕೊಳ್ಳುದು."

"ಆಯ್ತು" ಎಂದಳು ಅಮ್ಮ.

ದಾರಿಯುದ್ದಕ್ಕೂ ನಾನು ಅವಳ ಜೊತೆ ಜಗಳ ಮಾಡಿದೆ. ಅವಳು ಬಸ್ಸಿನ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು.

"ಕಾನೂನು ಉಂಟು ಅಮ್ಮಾ."

"ಕಾನೂನು ಆಫೀಸಿನಲ್ಲಿ ಉಂಟು. ನಾನು ಇಲ್ಲಿ ಉಂಟು."

"ನಿನಗೆ ಹೆದರಿಕೆ ಆಗುದಿಲ್ವಾ?"

ಅವಳು ಕಣ್ಣು ತೆರೆದಳು. "ನನಗೆ ಎಂತದಕ್ಕೆ ಹೆದರಿಕೆ ಇಲ್ಲ ಅಂತ ಕೇಳು. ಅವಳು ನಾಲ್ಕು ದಿನ ಕೂತಿದ್ಳು ಮಗಾ. ನಾನು ಒಂದು ಗಳಿಗೆ ಕೂರ್ತೇನೆ. ಅವಳು ಹೊರಗೆ ಬರುವುದಾದ್ರೆ ಬರ್ಲಿ."

ಮರುದಿನ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ನಾವು ಹೋಗುವಾಗ ನಮ್ಮ ನೆಲದ ಮೇಲೆ ಭಟ್ಟರು ಗೋಮೂತ್ರ ಚಿಮುಕಿಸಿ ಮುಗಿಸಿದ್ದರು. ಬಾಳೆಎಲೆಯ ಮೇಲೆ ಕಲಶದ ನೀರು. ನಾಲ್ಕು ಮೂಲೆಗೆ ಹೂ. ಇನ್ನು ನಾವು ಆ ನೆಲಕ್ಕೆ ಕಾಲಿಡುವ ಹಾಗಿಲ್ಲ ಎಂದು ಶಶಿಪ್ರಭಾ ಮೊದಲೇ ಹೇಳಿದಳು. ಮೂರು ದಿನ ಮೊಣಕಾಲೂರಿದ ನೆಲ. ನನ್ನ ಅಂಗೈಯ ಚರ್ಮ ಅದರಲ್ಲಿ ಎಲ್ಲೋ ಉಂಟು.

ಪತ್ತಾಯದ ಟಾರ್ಪಾಲು ತೆಗೆದಿದ್ದರು. ನಾನು ಅದನ್ನು ಮೊದಲ ಸಲ ನೋಡಿದೆ. ಕಪ್ಪು. ದಪ್ಪ ಹಲಗೆ. ಗಾಳಿ ಹೋಗಲು ಒಂದು ಕಿಂಡಿಯೂ ಇಲ್ಲ. ಇಲಿ ಹೋಗಬಾರದು ಎಂದು ಹಾಗೆ ಮಾಡುವುದು. ಪಕ್ಕದಲ್ಲಿ ಏಣಿ ಇಟ್ಟಿದ್ದರು. ಮುಚ್ಚಳ ತೆರೆದಿತ್ತು. ಒಳಗಿನಿಂದ ಹಳೆಯ ಭತ್ತದ ವಾಸನೆ ಬರುತ್ತಿತ್ತು. ಭತ್ತದ್ದೇ ಎಂದು ಮನಸ್ಸಿಗೆ ಹೇಳಿಕೊಂಡೆ.

ಎತ್ತಿ ಇಡಲು ಮನೆಯ ಕಡೆಯವರು ಎಂಟು ಮಂದಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಸೊಸೆ ಪ್ರಾಪ್ತಿ ಜಗಲಿಯ ಕಂಬಕ್ಕೆ ಒರಗಿದ್ದಳು. ನನ್ನ ವಯಸ್ಸಿನವಳು. ಹೊಟ್ಟೆಯ ಮೇಲೆ ಎರಡು ಕೈ. ಮಮ್ಮುಚ್ಚ ಕಾಲಿನ ಕಲ್ಲು ಸಮ ಉಂಟಾ ಎಂದು ನೋಡಲು ಬಂದವರು ಬೇಲಿಯ ಬದಿಯಲ್ಲಿ ನಿಂತಿದ್ದರು.

ಭಟ್ಟರು ಹಾಳೆಯ ತಟ್ಟೆಯನ್ನು ದೂರದಲ್ಲಿ, ಅಂಗಳದ ಮಣ್ಣಿನ ಮೇಲೆ ಇಟ್ಟು ಸರಿದರು. ಅಮ್ಮ ಅದನ್ನು ಎತ್ತಿಕೊಂಡಳು. ಅನ್ನದಲ್ಲಿ ಕೂದಲಿತ್ತು. ಉದ್ದದ ಕೂದಲು. ಬಾಚಣಿಗೆಯಿಂದ ತೆಗೆದು ಕಲಸಿದ್ದು. ಉಗುರಿನ ಚೂರೂ ಇತ್ತು. ನಾನು ಪ್ರಾಪ್ತಿಯ ಕಡೆ ನೋಡಿದೆ. ಅವಳು ಮುಖ ತಿರುಗಿಸಿದಳು.

ಅಮ್ಮ ಅದನ್ನೂ ಕಂಡಳು. ನಮ್ಮ ಹಿರಿಯರು ಉಂಡದ್ದು ಅದನ್ನೇ. ತಟ್ಟೆ ಹಿಡಿದು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಎರಡನೆಯದಕ್ಕೆ ಇಟ್ಟಳು. ಏಣಿ ನಡುಗುತ್ತಿತ್ತು. ಏಣಿ ಅಲ್ಲ, ಅವಳು.

ಮೂರನೆಯ ಮೆಟ್ಟಿಲಲ್ಲಿ ಅವಳು ನಿಂತಳು. ಅವಳ ಕಣ್ಣು ಪತ್ತಾಯದ ಆಚೆ ಬದಿಗೆ ಹೋಗಿತ್ತು. ಅಲ್ಲಿ ಶೋಧನ್ ನಿಂತಿದ್ದ. ಅವನ ಕೈಯಲ್ಲಿ ಹೊಸ ಬೀಗ. ಹಿತ್ತಾಳೆಯದು. ಅರಿಶಿನ ಕುಂಕುಮ ಹಚ್ಚಿದ್ದರು.

"ಬೀಗ ಎಂತಕ್ಕೆ ದನಿ?"

ಶೋಧನ್ ಬೀಗವನ್ನು ಬೆನ್ನ ಹಿಂದೆ ಸರಿಸಿದ.

"ಹೇಳಿ ದನಿ. ಬೀಗ ಎಂತಕ್ಕೆ?"

"ಶಾಸ್ತ್ರಕ್ಕೆ" ಎಂದ ಶೋಧನ್. "ಏಳು ಸುತ್ತು ಆಗುವವರೆಗೆ. ಹತ್ತು ನಿಮಿಷ. ಬೀಗ ಹಾಕದಿದ್ರೆ ಬಿಡುಗಡೆ ಆಗುದು ಹೇಗೆ? ಮೊದಲು ಹೇಗೆ ಆದದ್ದೋ ಹಾಗೇ ಆಗ್ಬೇಕಂತೆ."

"ದೇವರ ಆಣೆ ಹಾಕಿದ್ರಿ."

"ಏಣಿ ಹತ್ತು ಕಾಂತಿ" ಎಂದ ಸಂಕಪ್ಪ. "ಮುಹೂರ್ತ ಹೋಗ್ತದೆ."

ಅಮ್ಮ ಇಳಿದಳು. ಒಂದು ಮೆಟ್ಟಿಲು. ಮತ್ತೊಂದು. ತಟ್ಟೆಯನ್ನು ಪತ್ತಾಯದ ಕಾಲಿನ ಬಳಿ ಇಟ್ಟಳು. ಎಸೆಯಲಿಲ್ಲ. ಅನ್ನವನ್ನು ಅವಳು ಎಸೆಯುವುದಿಲ್ಲ. ಒದ್ದೆ ಬಟ್ಟೆಯ ಇಬ್ಬರು ಅವಳ ದಾರಿಗೆ ಅಡ್ಡ ಬಂದರು. ಅವಳು ಹಿಂದೆ ಸರಿದಳು. ಇನ್ನೂ ಸರಿದಳು. ನೆಲ ಬಡಿಯುವವಳಿಗೆ ಹಿಂದೆ ಸರಿದು ಅಭ್ಯಾಸ. ಸರಿದು ಸರಿದು ಅವಳ ಹಿಮ್ಮಡಿ ಅಡಿಪಾಯದ ಕಲ್ಲಿಗೆ ತಾಗಿತು. ಅವಳು ಮೇಲೆ ಹತ್ತಿದಳು.

ಕಲಶದ ನೀರು ಚೆಲ್ಲಿದ ಕಪ್ಪು ನೆಲದ ನಡುವೆ ನನ್ನ ಅಮ್ಮ ನಿಂತಳು.

"ಅಯ್ಯೋ! ಇಳಿ! ಇಳಿಯೇ!" ಶಶಿಪ್ರಭಾ ಕಿರುಚಿದಳು. ಒಳ್ಳೆಯ ಮಾತು ಅಷ್ಟೂ ಹೋಯಿತು. "ಮುಟ್ಟಿ ಹಾಳು ಮಾಡಿದ್ಳಲ್ಲ! ಇಳಿ ನಾಯಿ!"

"ನಾನು ಪೆಟ್ಟಿಗೆಗೆ ಹೋಗುದಿಲ್ಲ" ಎಂದಳು ಅಮ್ಮ. ಅವಳ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು.

ಎಂಟು ಮಂದಿ ಗಂಡಸರು ನೆಲದ ಸುತ್ತ ನಿಂತರು. ಒಬ್ಬನೂ ಮೇಲೆ ಹತ್ತಲಿಲ್ಲ. ಕೈ ಚಾಚಿದರೆ ಸಾಕಿತ್ತು. ಆದರೆ ಅವರು ಮಿಂದವರು. ಅವಳ ಮೈ ಸೋಕಿದರೆ ಪುನಃ ಮೀಯಬೇಕು. ಮುಹೂರ್ತ ಹೋಗುತ್ತದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು.

"ಮಮ್ಮೂ, ಎಳೆದು ಹಾಕು ಅವಳನ್ನ" ಎಂದ ಸಂಕಪ್ಪ.

ಮಮ್ಮುಚ್ಚ ಬೇಲಿ ಬಿಟ್ಟು ಬರಲಿಲ್ಲ. "ನಾನು ಕಲ್ಲು ಎತ್ತಲಿಕ್ಕೆ ಬಂದವ ದನಿ. ಹೆಂಗಸಿನ ಮೈಗೆ ಕೈ ಹಾಕುದಿಲ್ಲ."

"ಹಾಗಾದ್ರೆ ನಾಳೆಯಿಂದ ಈ ಕಡೆ ಬರ್ಬೇಡ."

"ಆಯ್ತು" ಎಂದರು ಮಮ್ಮುಚ್ಚ. ಆದರೆ ಹೋಗಲಿಲ್ಲ. ಅಲ್ಲೇ ನಿಂತರು.

ಶೋಧನ್ ಮೊಬೈಲು ತೆಗೆದು ನನಗೆ ತೋರಿಸಿದ. "ತೃಪ್ತೀ, ಒಂದು ಫೋನ್ ಸಾಕು. ನಾಳೆ ನಿನಗೆ ಅಂಗಡಿ ಇಲ್ಲ. ಅಮ್ಮನಿಗೆ ಹೇಳು."

ಹೇಳು ಎಂದು ಒಳಗಿನಿಂದ ಯಾರೋ ನೂಕಿದರು. ಹತ್ತೇ ನಿಮಿಷ ಅಮ್ಮಾ ಎಂದು ನಾಲಗೆಯ ತುದಿಗೆ ಬಂತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಬಂದದ್ದು ನಿಜ. ನಾನು ಬಾಯಿ ಮುಚ್ಚಿಕೊಂಡೆ.

ಶೋಧನ್ ಬೇಲಿಯಿಂದ ಒಂದು ಕೋಲು ಕಿತ್ತ. ಮುಟ್ಟದೆ ನೂಕಬಹುದಲ್ಲ. ಕೋಲಿನ ತುದಿಯನ್ನು ಅಮ್ಮನ ಎದೆಗೆ ಗುರಿ ಹಿಡಿದ.

ಅಮ್ಮ ಕೋಲನ್ನು ನೋಡಿದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ.

"ಕೋಲಿಗೆ ಹೆದರಿ ಅಜ್ಜಿ ಪೆಟ್ಟಿಗೆಗೆ ಇಳಿದ್ಳು" ಎಂದಳು. "ನನಗೂ ಹೆದರಿಕೆ ಉಂಟು ದನಿ. ಕೊಂದ್ರೂ ನಾನು ಇಳಿಯುದಿಲ್ಲ. ಅವಳನ್ನ ಒಳಗೆ ಹಾಕಿದವರು ನಿಮ್ಮ ಹಿರಿಯರು. ಬೀಗ ಹಾಕಿದ್ದು ನಿಮ್ಮ ಮನೆಯ ಕೈ. ತಪ್ಪಾಯ್ತು ಅಂತ ಹೇಳ್ಲಿಕ್ಕೆ ಇರುದು ನಿಮಗೆ. ನೀವು ಕೂರಿ. ಹತ್ತೇ ನಿಮಿಷ ಅಲ್ವಾ? ನೀವೇ ಕೂರಿ."

ಸಂಕಪ್ಪನ ಕಣ್ಣು ಪತ್ತಾಯದ ತೆರೆದ ಬಾಯಿಗೆ ಹೋಯಿತು. ಹೋಗಿ, ತಟ್ಟನೆ ಬೇರೆ ಕಡೆ ತಿರುಗಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಶೋಧನ್‌ನ ಕೋಲು ಕೆಳಗೆ ಬಂತು. ಆಗ ನನಗೆ ತಿಳಿಯಿತು. ಅಲ್ಲಿ ಹೆದರಿದವರು ನಾವು ಮಾತ್ರ ಅಲ್ಲ. ಹೆದರಿಕೆ ಅವರದ್ದೂ ಅಷ್ಟೇ ಇತ್ತು. ಅದನ್ನು ಹೊರಲು ಅವರಿಗೆ ಒಂದು ಮೈ ಬೇಕಿತ್ತು.

ಪ್ರಾಪ್ತಿ ಜಗಲಿಯಿಂದ ಇಳಿದು ಬಂದಳು. ಯಾರೋ ತಡೆದರು. ಅವಳು ಬಿಡಿಸಿಕೊಂಡಳು. ನೆಲದ ಅಂಚಿಗೆ ಬಂದು ಅಮ್ಮನಿಗೆ ಕೈ ಮುಗಿದಳು. ಅಳುತ್ತಿದ್ದಳು.

"ಅಕ್ಕಾ, ನನಗೆ ಇದೊಂದು ಉಳಿಯಲಿ. ನಿಮ್ಮ ಕಾಲಿಗೆ ಬೀಳ್ತೇನೆ."

ಅಷ್ಟು ಹೊತ್ತಿನಲ್ಲಿ ಅಮ್ಮ ಅಲುಗಿದ್ದು ಅದಕ್ಕೆ ಮಾತ್ರ. ನನಗಿಂತ ಮೊದಲು ಅವಳ ಒಂದು ಕೂಸು ತೀರಿಹೋಗಿತ್ತು. ಅವಳ ಕೈ ತಾನಾಗಿ ಮುಂದೆ ಬಂತು. ಅವಳು ಈಗ ಇಳಿಯುತ್ತಾಳೆ ಎಂದುಕೊಂಡೆ.

"ನಿನ್ನ ಮಗು ಚೆಂದ ಹುಟ್ಟಲಿ ಮಗಾ" ಎಂದಳು ಅಮ್ಮ. "ಅಜ್ಜನಿಗೆ ನಾನು ಹೇಳ್ತೇನೆ. ದಿನಾ ಹೇಳ್ತೇನೆ. ಆದ್ರೆ ಪೆಟ್ಟಿಗೆಯಲ್ಲಿ ಕೂತು ಹೇಳುದಿಲ್ಲ."

ಪ್ರಾಪ್ತಿಯ ಕೈ ಮುಗಿದ ಹಾಗೇ ಉಳಿಯಿತು. ಶಶಿಪ್ರಭಾ ಬಂದು ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಬಿಸಿಲು ಏರಿತು. ಒದ್ದೆ ಬಟ್ಟೆಗಳು ಮೈಮೇಲೆ ಒಣಗಿದವು. ಭಟ್ಟರು ಗಡಿಯಾರ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಗಂಟೆ, ಹರಿವಾಣ ಎಲ್ಲ ಚೀಲಕ್ಕೆ ತುಂಬಿದರು. "ಹೋಯ್ತು" ಎಂದರು. ಎಂಟು ಮಂದಿ ಒಬ್ಬೊಬ್ಬರಾಗಿ ನೆರಳಿಗೆ ಸರಿದರು. ಪತ್ತಾಯ ಬಾಯಿ ತೆರೆದು ಅಂಗಳದಲ್ಲೇ ನಿಂತಿತು. ಮುಚ್ಚಳ ಹಾಕಲು ಯಾರೂ ಹತ್ತಿರ ಹೋಗಲಿಲ್ಲ.

"ಇಲ್ಲಿಗೆ ಮುಗೀಲಿಲ್ಲ ಕಾಂತಿ" ಎಂದ ಸಂಕಪ್ಪ. ಮೆಲ್ಲಗೆ ಹೇಳಿದ. ಬೊಬ್ಬೆ ಹಾಕಿದ್ದರೆ ಒಳ್ಳೆಯದಿತ್ತು.

ನಾನು ಹೋಗಿ ಅಮ್ಮನ ಕೈ ಹಿಡಿದೆ. ಅವಳ ಮೊಣಕಾಲು ಮಡಚುತ್ತಿರಲಿಲ್ಲ. ಮರದ ಹಾಗೆ ನಿಂತಿದ್ದಳು. ಎಳೆದು ಇಳಿಸಿದೆ. ಆಗ ಕಂಡಿತು. ಅವಳು ನಿಂತಿದ್ದ ಜಾಗದಲ್ಲಿ ಕಪ್ಪು ನೆಲದ ಮೇಲೆ ನೀರು ಹರಡಿತ್ತು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಹೆದರಿಕೆಗೆ ಅಮ್ಮ ನಿಂತಲ್ಲೇ ಉಚ್ಚೆ ಹೊಯ್ದಿದ್ದಳು. ಯಾವಾಗ ಎಂದು ಗೊತ್ತಿಲ್ಲ. ಕೋಲು ಎದೆಗೆ ಬಂದಾಗ ಇರಬೇಕು. ಆಗಲೂ ಮಾತಾಡಿದ್ದಳು.

ನನಗೆ ಮೈಯೆಲ್ಲ ಬೆಂಕಿಯಾಯಿತು. ಶಾಲು ತೆಗೆದು ಒರೆಸಲು ಬಗ್ಗಿದೆ.

"ಬಿಡು" ಎಂದಳು ಅಮ್ಮ.

"ನೋಡ್ತಾರೆ ಅಮ್ಮಾ."

"ನೋಡ್ಲಿ. ಹೆದರಿದ್ದೇನೆ ಅಂತ ಗೊತ್ತಾಗ್ಲಿ. ಹೆದರಿ ಹೆದರಿಯೂ ಪೆಟ್ಟಿಗೆಗೆ ಇಳೀಲಿಲ್ಲ ಅಂತ ಅದೂ ಗೊತ್ತಾಗ್ಲಿ."

ನಾನು ಶಾಲು ಹೆಗಲಿಗೆ ಹಾಕಿಕೊಂಡೆ. ನಾವು ನಡೆದೆವು. ಗೇಟಿಗೆ ಇಪ್ಪತ್ತು ಹೆಜ್ಜೆ ಇತ್ತು. ಅಮ್ಮನ ಬೆರಳು ನನ್ನ ಒಡೆದ ಬೊಕ್ಕೆಯ ಮೇಲೆ ಬಿಗಿಯಾಯಿತು. ನೋವಾಯಿತು. ಕೈ ಬಿಡಿಸಿಕೊಳ್ಳಲಿಲ್ಲ.